ಷರಾ

ಹಂಬರ್ ನದಿಯ ಈ ದಂಡೆಯಲ್ಲಿ ನಾವು, ಬಾರ್ಟನ್ನಿನವರು.
ಆ ದಂಡೆಯಲ್ಲಿ ಹಲ್ ನಗರದವರು.
ಇಬ್ಬರದೂ ಒಂದೇ ಕಸುಬು:
ಹೊಸ್ತಿಲು ದಾಟಲಾಗದವರ ಮನೆಗೆ
ಮಧ್ಯಾಹ್ನದ ಬಿಸಿ ಊಟ ಮುಟ್ಟಿಸುವುದು.
ಕಾಸು ಸಾಲದೆ ಏಪ್ರಿಲ್‌ಗೆ ಎರಡು ಅಡುಗೆಮನೆ ಒಂದಾಗಬೇಕು,
ಅದಕ್ಕೂ ಮೊದಲು ಎರಡು ಡೇಟಾಬೇಸ್.

ಸಂಬಂಧ ಕೂಡಿಸುವುದೆಂದರೆ ಸುಮ್ಮನೆಯೇ?
ಅವರ ಪಟ್ಟಿ, ನಮ್ಮ ಪಟ್ಟಿ ಎದುರುಬದುರು ಕೂರಿಸಿ
ಜಾತಕದ ಹಾಗೆ ಮನೆಮನೆ ತಾಳೆ ನೋಡಿದೆ.
ಹೆಸರಿಗೆ ಹೆಸರು ಕೂಡಿತು, ಬೀದಿಗೆ ಬೀದಿ.
ತಕರಾರು ತೆಗೆದದ್ದು ಹುಟ್ಟಿದ ದಿನ.
ಅವರ ತಂತ್ರಾಂಶಕ್ಕೆ ತಿಂಗಳು ಮುಂದು, ನಮ್ಮದಕ್ಕೆ ದಿನ ಮುಂದು;
ತಾರೀಖೇ ಗೊತ್ತಿಲ್ಲದ ಹನ್ನೊಂದು ಮಂದಿ
ಸಾವಿರದ ಒಂಬೈನೂರರ ಜನವರಿ ಒಂದಕ್ಕೆ ಒಟ್ಟಿಗೇ ಹುಟ್ಟಿ
ಇನ್ನೂ ಆಲೂಗಡ್ಡೆ ಕೇಳಿ ಹಾಕಿಸಿಕೊಳ್ಳುತ್ತಿದ್ದಾರೆ.

ಜೋಡಿ ಸಿಗದೆ ಮಿಕ್ಕಿದ್ದು ನಮ್ಮ ಹದಿನಾಲ್ಕನೆಯ ಕಾಲಂ.
ಅದರ ತಲೆಯ ಮೇಲೆ ಇಂಗ್ಲಿಷಿನಲ್ಲಿ ಏನೇ ಇರಲಿ
ನಾನು ಓದಿಕೊಳ್ಳುವುದು ಷರಾ ಎಂದೇ,
ಉಪನೋಂದಣಿ ಕಚೇರಿಯಲ್ಲಿ ಅಮ್ಮ
ಕೆಂಪು ಶಾಯಿಯಲ್ಲಿ ತುಂಬುತ್ತಿದ್ದಳಲ್ಲ, ಅದು.
ಇಲ್ಲಿ ಹತ್ತೊಂಬತ್ತು ವರ್ಷ ತುಂಬಿದವಳು ಬೆರಿಲ್ ಸ್ಟೇವ್ಲಿ.
ವ್ಯಾನ್ ನಿಲ್ಲಿಸಿ ಬಂದು, ಕೈಗವಸು ಕಳಚಿ, ಒಂಟಿ ಬೆರಳಲ್ಲಿ ಕುಟ್ಟುತ್ತಿದ್ದಳು:

‘ಪರದೆ ಎಳೆದಿದ್ದರೆ ಬೆಲ್ ಮಾಡಬೇಡಿ. ಅಂದು ಮಗ ಹೋದ ದಿನ.’
‘ಉಪ್ಪು ಕೂಡದು. ಜೇಬಲ್ಲಿ ಉಪ್ಪಿನ ಪೊಟ್ಟಣವಿದೆ. ನೋಡದವರಂತೆ ಇರಿ.’
‘ಪೊಡ್ಗೊರ್ಸ್ಕಿಯವರು ಎರಡು ತಟ್ಟೆ ಇಡುತ್ತಾರೆ. ಯಾಕೆಂದು ಕೇಳಬೇಡಿ.’
‘ಎರಡು ಸಲ ಬಡಿಯಿರಿ, ಕಾಯಿರಿ, ನಿಧಾನ, ಬರುತ್ತಾರೆ.’

ಹಲ್‌ನ ಕ್ಲೈವ್ ಅಟ್ಕಿನ್ ಫೋನಿನಲ್ಲಿ ಮೆತ್ತಗೇ ಹೇಳಿದ:
ನಮ್ಮಲ್ಲಿ ಅಂಥ ಕಾಲಂ ಇಲ್ಲವಲ್ಲ,
ಬೇಕಾದರೆ ಇಪ್ಪತ್ತು ಅಕ್ಷರ ಕೊಟ್ಟೇನು.
ಬೆರಿಲ್‌ಳ ಒಂದು ನಿಟ್ಟುಸಿರಿಗೂ ಸಾಲದು.
ಆದರೂ ಕತ್ತರಿಸಿ ನೋಡಿದೆ.
‘ಪರದೆ ಎಳೆದಿದ್ದರೆ ಬೆಲ್ ಮಾಡ’
ಎಂದು ನಿಂತುಬಿಟ್ಟಿತು, ಬೇಕೋ ಬೇಡವೋ ಹೇಳದೆ.
ಅದನ್ನೇ ಅವನಿಗೆ ಓದಿ ಹೇಳಿದೆ.
ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ, ಆಯ್ತು, ಎಷ್ಟುದ್ದವಿದ್ದರೂ ಕಳಿಸು ಎಂದ.

ರಾತ್ರಿ ಹತ್ತಕ್ಕೆ ಕಡತ ನದಿ ದಾಟಿತು.
ಸೇತುವೆಯ ದೀಪಗಳು ಮಂಜಿನಲ್ಲಿ ಅರ್ಧಕ್ಕೇ ಮುಗಿದಿದ್ದವು.

ನಾನು ಮರೆತದ್ದು ಅಲ್ಪವಿರಾಮ.
ಬೆರಿಲ್‌ಗೆ ಅದು ಉಸಿರು ತೆಗೆದುಕೊಳ್ಳುವ ಜಾಗ,
ಯಂತ್ರಕ್ಕೆ ಗೋಡೆ.
ಅಲ್ಪವಿರಾಮ ಸಿಕ್ಕಲ್ಲೆಲ್ಲ ವಾಕ್ಯ ಮುರಿದು
ಪಕ್ಕದ ಮನೆಗೆ ನುಗ್ಗಿ, ಅಲ್ಲಿದ್ದವರನ್ನು ಅದರಾಚೆಗೆ ದಬ್ಬಿ,
ಪಥ್ಯದ ಜಾಗದಲ್ಲಿ ಫೋನ್ ನಂಬರು,
ಫೋನಿನ ಜಾಗದಲ್ಲಿ ಬೆಕ್ಕಿನ ಹೆಸರು.
ಬೆಳಗಿನವರೆಗೆ ಕೂತು
ಮುನ್ನೂರ ಆರು ಮಾತುಗಳನ್ನು ಒಂದೊಂದಾಗಿ
ಉದ್ಧರಣ ಚಿಹ್ನೆಗಳ ತೋಳಿಗೆ ಕೊಟ್ಟೆ.
ಒಂದು ತಪ್ಪಿಸಿಕೊಂಡಿತ್ತು.

ಸೋಮವಾರ ಹನ್ನೆರಡೂವರೆಗೆ ಆ ಕಡೆಯ ಹೊಸ ಹುಡುಗ ಕೀರನ್
ವಾಟರ್‌ಸೈಡ್ ರಸ್ತೆಯಿಂದ ಫೋನ್ ಮಾಡಿದ:
‘ಈ ಅಜ್ಜಿಗೆ ಅಲರ್ಜಿ, ಕಾಯಿರಿ, ಎಂದಿದೆ. ಇದೆಂಥ ಕಾಯಿಲೆ?’
ನಗು ಬಂತು, ನಗಲಿಲ್ಲ.
ಮತ್ತೆ ನೀನೇನು ಮಾಡಿದೆ?
‘ಇನ್ನೇನು ಮಾಡಲಿ, ಕಾಯ್ತಾ ಇದೀನಿ. ಗ್ರೇವಿ ಆರ್ತಾ ಇದೆ.’

ಅಷ್ಟರಲ್ಲಿ ಅವನ ಫೋನಿನೊಳಗೆ, ಬಾಗಿಲಿನಾಚೆ,
ಊರುಗೋಲು. ಹೆಜ್ಜೆ. ಊರುಗೋಲು.
ಏನೂ ಇಲ್ಲ.
ಊರುಗೋಲು.
‘ಬಂದರು, ಇಡ್ತೀನಿ’ ಎಂದ.

ಆ ಪದವನ್ನು ಎತ್ತಿ ಅದರ ಮನೆಗೆ ಸೇರಿಸಿದೆ,
ಅಲರ್ಜಿಯ ಜಾಗ ಖಾಲಿಯಾಯಿತು, ಅಜ್ಜಿಗೆ ಯಾವುದೂ ಆಗದೆ ಇಲ್ಲ.
ಉಳಿಸಲೇ, ಎಂದು ಕೇಳಿತು ಪರದೆ.
ಹೂಂ ಅಂದೆ, ಬಾಯಿ ಬಿಟ್ಟು,
ಕೋಣೆಯಲ್ಲಿ ಯಾರೂ ಇಲ್ಲದಿದ್ದರೂ.